ಹವಳದ ಏರಿ

ಹಲ್ಲುಗಳ ನಡುವೆ ರಬ್ಬರಿನ ತುಂಡು. ಉಪ್ಪು, ಹಳೆಯ ಪ್ಲಾಸ್ಟಿಕ್ಕಿನ ವಾಸನೆ, ಬೆಳಿಗ್ಗೆ ಕುಡಿದ ಚಹಾದ ಒಗರು, ಎಲ್ಲ ಒಂದೇ ಬಾಯಲ್ಲಿ. ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೀರಿ. ಗಾಜಿನ ಮುಖವಾಡ ಮೂಗನ್ನು ಅವುಚಿ ಹಿಡಿದಿದೆ. ಐವತ್ತೆಂಟು ವರ್ಷ ಮೂಗಿನಲ್ಲೇ ಉಸಿರಾಡಿದ ಮೈ ಇದನ್ನು ಒಪ್ಪುತ್ತಿಲ್ಲ. ಎದೆ ಆಗಲೇ ಏರಿಳಿಯುತ್ತಿದೆ. ಕೆಳಗೆ ನೀರಿದೆಯೋ ಇಲ್ಲವೋ ಎಂಬಷ್ಟು ತಿಳಿ. ಎರಡಾಳು ಆಳದ ಬಿಳಿ ಮರಳಿನ ಮೇಲೆ ದೋಣಿಯ ನೆರಳು, ಆ ನೆರಳಿನ ಅಂಚಿನಲ್ಲಿ ಜೋತಾಡುವ ನಿಮ್ಮದೇ ಕಾಲುಗಳ ನೆರಳು.

“ಮೂಗನ್ನು ಮರೆತುಬಿಡಿ ಸಾರ್. ಬಾಯಲ್ಲೇ ತಗೊಳ್ಳಿ, ಬಾಯಲ್ಲೇ ಬಿಡಿ.” ದೋಣಿಯ ಹುಡುಗನ ಕನ್ನಡದಲ್ಲಿ ಮಂಗಳೂರಿನ ರಾಗವಿದೆ. “ಸೆಳೆತ ಸಿಕ್ಕಿದ್ರೆ ಮಾತ್ರ ಎದುರು ಈಜ್ಬೇಡಿ. ಸುಮ್ಮನೆ ತೇಲಿ, ಕೈ ಎತ್ತಿ. ನಾನು ನೋಡ್ತಾ ಇರ್ತೇನೆ.”

ಹಿಂದೆ ಕೂತ ನಿಮ್ಮಾಕೆ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಮೂರನೇ ಸಲ ಎಳೆದು ಬಿಗಿ ಮಾಡುತ್ತಾರೆ. “ಬೇಡ ಅನ್ನಿಸಿದ್ರೆ ಬೇಡ ರೀ. ಮೇಲಿಂದ್ಲೇ ಎಲ್ಲಾ ಕಾಣ್ತಿದೆಯಲ್ಲ.”

ಕಾಣುತ್ತಿದೆ, ನಿಜ. ಇಲ್ಲೇ ನಿಲ್ಲಿಸಿದರೂ ಯಾರೂ ಏನೂ ಅನ್ನುವವರಿಲ್ಲ. ನಿಮಗೆ ಗೊತ್ತಿರುವ ನೀರು ಒಂದೇ, ಮೈಸೂರಿನ ಶ್ರೀರಾಂಪುರದ ಮಗ್ಗುಲಿನ ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿಯ ಹೆಸರಿನಲ್ಲಿ ಕಟ್ಟಿಸಿದ್ದು. ಬೆಳಿಗ್ಗೆ ಆರಕ್ಕೆ ಸ್ವೆಟರ್ ಹಾಕಿಕೊಂಡು ಹೋಗುತ್ತೀರಿ, ಹೆಜ್ಜಾರ್ಲೆ ಇಳಿಯುವುದನ್ನು ನಿಂತು ನೋಡುತ್ತೀರಿ, ಹಾಲು ತೆಗೆದುಕೊಂಡು ಮನೆಗೆ ಬರುತ್ತೀರಿ. ಇಷ್ಟು ವರ್ಷದಲ್ಲಿ ಆ ನೀರಿಗೆ ಒಮ್ಮೆಯೂ ಬೆರಳು ಅದ್ದಿಲ್ಲ. ನೀರೆಂದರೆ ಏರಿಯ ಮೇಲಿಂದ ನೋಡುವ ವಸ್ತು.

ಕೈ ಬಿಡುತ್ತೀರಿ.

ತಣ್ಣಗೆ ಕೊರೆಯುತ್ತದೆಂದು ಮೈ ಬಿಗಿಹಿಡಿದಿದ್ದಿರಿ. ಬೆಚ್ಚಗಿದೆ, ಹಂಡೆಯ ನೀರಿಗೆ ಎರಡು ಚೊಂಬು ತಣ್ಣೀರು ಬೆರೆಸಿದ ಹದ. ಆ ನೆಮ್ಮದಿ ಒಂದು ಕ್ಷಣದ್ದು. ಕೊಳವೆಯೊಳಗೆ ನೀರು ನುಗ್ಗುತ್ತದೆ. ಗಂಟಲು ಉರಿಯುತ್ತದೆ. ಕೆಮ್ಮಲು ಹೋದರೆ ಇನ್ನಷ್ಟು ಉಪ್ಪು. ಕೈ ತಾನಾಗಿ ಮುಖವಾಡದ ಕಡೆಗೆ ಏರುತ್ತಿದೆ, ಕಿತ್ತು ಬಿಸಾಡಿಬಿಡಲು. ಕಿತ್ತರೆ ಕಣ್ಣಿಗೂ ಮೂಗಿಗೂ ನೀರು. ಊದಬೇಕು. ಹುಡುಗ ಹೇಳಿದ್ದು ಅದನ್ನೇ. ಆದರೆ ಉಸಿರೇ ಇಲ್ಲದವನು ಊದುವುದು ಹೇಗೆ? ಅಜ್ಜಿ ಹಸಿ ಸೌದೆಯ ಒಲೆಗೆ ಊದುಗೊಳವೆಯಲ್ಲಿ ಊದುತ್ತಿದ್ದಂತೆ, ಎದೆಯ ತಳದಲ್ಲಿ ಉಳಿದಷ್ಟನ್ನೂ ಒಟ್ಟುಗೂಡಿಸಿ ಊದುತ್ತೀರಿ. ನೀರು ಕೊಳವೆಯಿಂದ ಮೇಲಕ್ಕೆ ಚಿಮ್ಮುತ್ತದೆ. ಗಾಳಿ ಬರುತ್ತದೆ. ಕಣ್ಣು ತೆರೆಯುತ್ತೀರಿ.

ಕೆಳಗೆ ಊರೇ ಇದೆ. ಅಕ್ಕಿ ಮೊರದಷ್ಟು ಅಗಲದ ಹವಳದ ತಟ್ಟೆಗಳು ಒಂದರ ಮೇಲೊಂದು ಚಾಚಿವೆ. ಜಿಂಕೆಯ ಕೊಂಬಿನಂಥ ಕವಲುಗಳ ತುದಿಯಲ್ಲಿ ನಸುನೀಲಿ. ಅವುಗಳ ಸಂದಿನಲ್ಲಿ ಹಳದಿ ಪಟ್ಟೆಯ ಮೀನುಗಳು, ಎಲ್ಲವೂ ಒಮ್ಮೆಲೇ ತಿರುಗುತ್ತವೆ, ಒಮ್ಮೆಲೇ ಕಾಣೆಯಾಗುತ್ತವೆ. ಕಿವಿಯಲ್ಲಿ ಚಟಪಟ ಸದ್ದು, ದೂರದಲ್ಲೆಲ್ಲೋ ಸಾಸಿವೆ ಸಿಡಿಯುತ್ತಿರುವ ಹಾಗೆ. ಅದರಾಚೆ ಬೂದು ಬಣ್ಣದ ಸತ್ತ ರಾಶಿ, ಯಾರೋ ಮನೆ ಕೆಡವಿ ಹೋದಂತೆ. 1998, 2010, 2016ರಂಥ ಬೇಸಿಗೆಗಳಲ್ಲಿ ಕಡಲು ಹದ ಮೀರಿ ಕಾದು ಲಕ್ಷದ್ವೀಪದ ಹವಳ ಬಿಳುಚಿಕೊಂಡಿತು. ಬಹಳಷ್ಟು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆ ಬೂದಿಯ ಮೇಲೆಯೇ ಅಲ್ಲಲ್ಲಿ ಬೆರಳುದ್ದದ ಹೊಸ ಚಿಗುರು ಕಾಣುತ್ತದೆ. ನಿಮ್ಮ ಎದೆಬಡಿತ ತಗ್ಗುತ್ತದೆ.

ಇಲ್ಲಿಗೆ ಬಂದದ್ದು ಮಗಳ ಒತ್ತಾಯಕ್ಕೆ. “ಮೂವತ್ತು ವರ್ಷದಲ್ಲಿ ಅಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ದೀಯಾ ಅಪ್ಪ? ತಿರುಪತಿ, ಧರ್ಮಸ್ಥಳ. ಈ ಸಲ ವಿಲ್ಲಾ. ಸುತ್ತ ಯಾರೂ ಇರಲ್ಲ.” ಪ್ರವೇಶ ಪರವಾನಗಿಯ ಕಾಗದ ಬಂತು. ಕೊಚ್ಚಿಯಿಂದ ಹೊರಟ ಪುಟ್ಟ ವಿಮಾನ ಅಗತ್ತಿಯಲ್ಲಿ ಇಳಿಯುವಾಗ ಕಿಟಕಿಯ ಎರಡೂ ಬದಿಗೆ ನೀರೇ. 1,200 ಮೀಟರ್ ಚಿಲ್ಲರೆ ಉದ್ದದ ರನ್‌ವೇ, ಅದು ಮುಗಿದಲ್ಲಿ ಕಡಲು. ಅಲ್ಲಿಂದ ದೋಣಿ. ಕೊನೆಗೆ ಬಂಗಾರಂ: ಯಾರ ಊರೂ ಅಲ್ಲದ, ನೂರ ಚಿಲ್ಲರೆ ಎಕರೆಯ ತೆಂಗಿನ ತೋಪು. ನಡುವೆ ಕೇದಗೆಯ ಮೆಳೆ ಸುತ್ತುವರಿದ ಸವಳು ಕೊಳ. 1987ರ ಕೊನೆಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕುಟುಂಬದೊಂದಿಗೆ ರಜೆ ಕಳೆಯಲು ಬಂದದ್ದು ಇಲ್ಲಿಗೇ.

ನಿಮ್ಮ ವಿಲ್ಲಾದ ಜಗಲಿಯಿಂದ ನೀರಿಗೆ ಇಪ್ಪತ್ತು ಹೆಜ್ಜೆ. ನಿನ್ನೆ ರಾತ್ರಿ ಬಿಳಿಯ ಹಾಸಿಗೆಯ ಮೇಲೆ ಮಲಗಿದಾಗ ಹಾರ್ನ್ ಇಲ್ಲ, ನಾಯಿ ಬೊಗಳಿಲ್ಲ, ಕುಕ್ಕರಿನ ಸೀಟಿ ಇಲ್ಲ. ಮೌನ ಕಿವಿಗೆ ಒತ್ತುತ್ತಿತ್ತು. ಆ ಮೌನದ ತಳದಲ್ಲಿ ಮಾತ್ರ ನಿಲ್ಲದ ಮೊರೆತ. ರಿಂಗ್ ರೋಡಿನ ಲಾರಿಗಳೆಂದುಕೊಂಡು ನಿದ್ದೆ ಹೋದಿರಿ.

ಈಗ ಆ ಮೊರೆತ ಮತ್ತೆ ಕೇಳುತ್ತಿದೆ. ಹತ್ತಿರದಲ್ಲಿ.

ಆಮೆಯೊಂದು ಕಂಡಿತ್ತು. ಮರಳಿನ ಮೇಲೆ ನಿಧಾನಕ್ಕೆ ಹುಲ್ಲು ಮೇಯುತ್ತಿತ್ತು, ಗದ್ದೆಯ ಎಮ್ಮೆಯ ಗಾಂಭೀರ್ಯದಲ್ಲಿ. ಅದು ಹೊರಟಿತು. ನೀವೂ ಹಿಂದೆ ಹೊರಟಿರಿ. ಕಾಲು ಆಡಿಸುವುದೇ ಬೇಕಿರಲಿಲ್ಲ, ನೀರೇ ಒಯ್ಯುತ್ತಿತ್ತು. ಎಷ್ಟು ಸುಲಭ ಎಂದುಕೊಂಡಿರಿ. ಅಲ್ಲೇ ಎಚ್ಚರ ತಪ್ಪಿದ್ದು. ತಲೆಯೆತ್ತಿ ನೋಡುತ್ತೀರಿ. ದೋಣಿ ಬೆಂಕಿಪೊಟ್ಟಣದಷ್ಟಿದೆ.

ಇಳಿತ ಶುರುವಾಗಿದೆ. ಈ ತಿಳಿನೀರಿನ ಸುತ್ತ ಹವಳ ಏರಿ ಕಟ್ಟಿದೆ. ಆ ಏರಿಯಲ್ಲಿ ಕಂಡಿಗಳಿವೆ. ಕೆರೆಗೆ ತೂಬಿದ್ದಂತೆ. ಇಳಿತದ ಹೊತ್ತಿನಲ್ಲಿ ಒಳಗಿನ ನೀರು ಆ ಕಂಡಿಗಳತ್ತ ಹರಿಯುತ್ತದೆ. ಅದರಾಚೆ ಹೊರಗಡಲು, ಬಣ್ಣವೇ ಬೇರೆ, ಕಡುನೀಲಿ.

ತಿರುಗಿ ಕಾಲು ಬಡಿಯುತ್ತೀರಿ. ಹತ್ತು ಬಡಿತ. ಇಪ್ಪತ್ತು. ಕೆಳಗೆ ನೋಡಿದರೆ ಅದೇ ಕಲ್ಲು, ಅದೇ ಬಿರುಕು. ಒಂದಿಂಚೂ ಮುಂದೆ ಹೋಗಿಲ್ಲ. ಮೀನಖಂಡದಲ್ಲಿ ನರ ಹಿಡಿಯುತ್ತದೆ. ಉಸಿರು ಮೊಟಕಾಗುತ್ತದೆ. ಮೊರೆತ ಹೆಚ್ಚುತ್ತಿದೆ. ಎದುರು ಈಜ್ಬೇಡಿ, ಅಂದಿದ್ದ. ಸುಮ್ಮನಾದರೆ ಹೊತ್ತೊಯ್ಯುತ್ತದಲ್ಲ! ಬಲಕ್ಕೆ, ಕೈಗೆಟಕುವಲ್ಲಿ, ಹವಳದ ಗುಡ್ಡೆ. ಹಿಡಿದರೆ ನಿಲ್ಲಬಹುದು. ಮುಟ್ಟಬಾರದು, ಅದು ಜೀವವಿರುವುದು ಎಂದು ದೋಣಿ ಹತ್ತುವ ಮೊದಲೇ ಹೇಳಿದ್ದರು. ನೀವೂ ತಲೆಯಾಡಿಸಿದ್ದಿರಿ. ಈಗ ತಲೆಯಲ್ಲಿ ಆ ಮಾತಿದೆ, ಅಂಗೈಯಲ್ಲಿ ಇಲ್ಲ.

ಹಿಡಿಯುತ್ತೀರಿ.

ಲಟಕ್ಕೆಂದು ಮುರಿಯುತ್ತದೆ. ನೀರಿನೊಳಗೂ ಆ ಸದ್ದು ಕೇಳುತ್ತದೆ, ಒಣ ಪುಳ್ಳೆ ಮುರಿದಂತೆ. ಅಂಗೈ ಸೀಳಿದೆ, ರಕ್ತ ಹೊಗೆಯ ಹಾಗೆ ಎದ್ದು ತೆಳುವಾಗುತ್ತದೆ. ಕೈಯಲ್ಲಿ ಬೆರಳುದ್ದದ ತುಂಡು.

ಆಗ ಬಿಟ್ಟುಕೊಡುತ್ತೀರಿ. ತುಂಡನ್ನೂ, ಕಾಲಿನ ಬಡಿತವನ್ನೂ. ಬೆನ್ನ ಮೇಲೆ ಹೊರಳುತ್ತೀರಿ. ಜಾಕೆಟ್ಟು ಮಗುವನ್ನು ಕಂಕುಳಿಗೆ ಕೈಕೊಟ್ಟು ಎತ್ತುವಂತೆ ನಿಮ್ಮನ್ನು ಎತ್ತುತ್ತದೆ. ಕೈ ಮೇಲೆ. ಆಕಾಶ ಅಷ್ಟೇ. ಮೊರೆತ ಅಷ್ಟೇ. ಎಣಿಸುತ್ತೀರಿ, ಹನ್ನೊಂದು, ಹನ್ನೆರಡು. ಆಕೆಯ ಮುಖ, ಮಗಳ ಮದುವೆ, ಮುಚ್ಚದೆ ಬಂದ ಗ್ಯಾಸಿನ ರೆಗ್ಯುಲೇಟರ್. ಮೂವತ್ತೊಂದು. ಮೂವತ್ತೆರಡು. ಕಿವಿಯ ಕೆಳಗೆ ನೀರಿನೊಳಗೆ ಗುರ್ ಎಂಬ ಕಂಪನ.

ಮೋಟಾರು.

ಎರಡು ಕೈಗಳು ಭುಜಕ್ಕೆ ಬೀಳುತ್ತವೆ. ದೋಣಿಯ ಹಲಗೆ ಎದೆಗೆ ತರಚುತ್ತದೆ. ಕವುಚಿ ಬಿದ್ದು ಉಪ್ಪುನೀರು ಕಕ್ಕುತ್ತೀರಿ. ಆಕೆ ಬೈಯುವುದಿಲ್ಲ, ಸೆರಗಿನಿಂದ ನಿಮ್ಮ ಮುಖ ಒರೆಸುತ್ತಾರೆ, ಒರೆಸುತ್ತಲೇ ಇರುತ್ತಾರೆ.

“ಏನೂ ಆಗ್ಲಿಲ್ಲ ಸಾರ್, ಕೈ ಎತ್ತಿದ್ರಲ್ಲ, ಅಷ್ಟೇ ಸಾಕು,” ಎನ್ನುತ್ತಾನೆ ಹುಡುಗ. ನಡುಗುವವನೊಡನೆ ಮಾತಾಡುತ್ತಿರಬೇಕು ಎಂಬುದು ಅವನಿಗೆ ಗೊತ್ತು. “ನೀವು ಮೈಸೂರಲ್ವಾ? ನಮ್ಮ ಅಮಿನಿ ದ್ವೀಪ ಒಂದು ಕಾಲಕ್ಕೆ ನಿಮ್ಮ ಟಿಪ್ಪುವಿನದ್ದು, ಗೊತ್ತುಂಟಾ?” ಗೊತ್ತಿರಲಿಲ್ಲ. 1780ರ ದಶಕದಲ್ಲಿ ಅಮಿನಿಯ ಜನ ಕಣ್ಣೂರಿನ ಅರಕ್ಕಲ್ ಆಡಳಿತ ಬೇಡವೆಂದು ಟಿಪ್ಪುವಿನ ಬಳಿಗೆ ಹೋದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮಿನಿ ಗುಂಪಿನ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಗಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕದಲ್ಲಿದ್ದವು. ಇವನ ಅಜ್ಜ ಓಡಂ ಎಂಬ ಹಾಯಿದೋಣಿಯಲ್ಲಿ ತೆಂಗಿನ ಹುರಿಹಗ್ಗ ತುಂಬಿಕೊಂಡು ಮಂಗಳೂರಿನ ಬಂದರಿಗೆ ಹೋಗಿ ಅಕ್ಕಿ ತರುತ್ತಿದ್ದರಂತೆ. ಮೂವತ್ತು ವರ್ಷ ಮೈಸೂರಿನಲ್ಲಿದ್ದೂ ಆ ಹಗ್ಗದ ಇನ್ನೊಂದು ತುದಿ ಎಲ್ಲಿದೆ ಎಂದು ನೀವು ಕೇಳಿರಲಿಲ್ಲ.

“ಒಂದು ತುಂಡು ಮುರಿದೆ,” ಎನ್ನುತ್ತೀರಿ. ದನಿ ನಿಮ್ಮದೆನ್ನಿಸುವುದಿಲ್ಲ.

ಹುಡುಗ ಚುಕ್ಕಾಣಿಯಿಂದ ಕೈ ತೆಗೆಯದೆ ಬಿಳಿ ನೊರೆಯ ಗೆರೆಯತ್ತ ಗಲ್ಲ ಎತ್ತಿ ತೋರಿಸುತ್ತಾನೆ. “ಅದೆಲ್ಲ ಇದೇ ಸಾರ್. ತುಂಡು ತುಂಡು ಸೇರಿಯೇ ಆದದ್ದು.”

ಸಂಜೆ ಬಚ್ಚಲಿನಲ್ಲಿ ಆಕೆ ನಿಮ್ಮ ಅಂಗೈ ತೊಳೆಯುತ್ತಾರೆ. ನೀರು ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ. ಮಳೆ ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾಗಿ ತೇಲಿ ನಿಲ್ಲುತ್ತದೆ; ದ್ವೀಪದ ಬಾವಿಗಳಿಗೆ ಅದೇ ಆಸರೆ. ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಗಾಯಕ್ಕೆ ತಗುಲಿದಾಗ ಚುರ್ರೆನ್ನುತ್ತದೆ. ಆಕೆ ನಲ್ಲಿ ತಿರುಗಿಸುತ್ತಾರೆ, ಮೈಸೂರಿನಲ್ಲಿ ಕಾವೇರಿ ನೀರು ಬಿಡುವ ದಿನ ಎಣಿಸುವ ಅದೇ ಕೈಯಲ್ಲಿ, ಗಟ್ಟಿಯಾಗಿ.

ರಾತ್ರಿ ಊಟ ಬಂದಿದೆ, ತೆಂಗಿನೆಣ್ಣೆಯ ಘಮದೊಂದಿಗೆ. ನಿಮಗೆ ಸೇರುತ್ತಿಲ್ಲ. ಜಗಲಿಯಲ್ಲಿ ಕೂರುತ್ತೀರಿ. ನೀವು ಕೂತಿರುವ ನೆಲ ಕಡಲಿಗಿಂತ ಎರಡಾಳು ಎತ್ತರವೂ ಇಲ್ಲ. ಇದೇ ಹವಳದ ಬಳೆಯೊಳಗೆ ಪರಳಿ ಎಂಬ ಪುಟ್ಟ ದ್ವೀಪಗಳಿದ್ದವು. ಅವುಗಳಲ್ಲೊಂದು 1968ರಲ್ಲಿ ಸುಮಾರು ಎಂಟು ಎಕರೆ ಇತ್ತು, 2017ರ ಹೊತ್ತಿಗೆ ಪೂರ್ತಿ ಸವೆದುಹೋಗಿತ್ತು. ಎಂಟು ಎಕರೆ ಎಂದರೆ ಶ್ರೀರಾಂಪುರದಲ್ಲಿ ಎಷ್ಟು ಸೈಟುಗಳು, ಎಷ್ಟು ಮನೆಗಳು! ನಿಮ್ಮ ರಸ್ತೆಯನ್ನು, ಎದುರುಮನೆಯನ್ನು, ಮೂಲೆಯ ಹಾಲಿನ ಬೂತನ್ನು ಒಂದೊಂದಾಗಿ ಮನಸ್ಸಿನಲ್ಲೇ ತೆಗೆದು ನೋಡುತ್ತೀರಿ.

ಮೊರೆತ ಕೇಳುತ್ತಲೇ ಇದೆ. ಹಗಲು ನಿಮ್ಮನ್ನು ಕರೆದೊಯ್ಯಲು ಬಂದಂತೆ ಕೇಳಿಸಿದ ಸದ್ದು ಅದೇ. ಕತ್ತಲಲ್ಲಿ ಬೇರೆ ಥರ ಕೇಳುತ್ತದೆ. ಸಾವಿರಾರು ಮೈಲಿ ಬಂದ ಅಲೆಗಳು ಅಲ್ಲಿ, ಆ ಏರಿಯ ಮೇಲೆ, ಬಿದ್ದು ಒಡೆಯುತ್ತಿವೆ. ಒಡೆದದ್ದರಿಂದಲೇ ಇಪ್ಪತ್ತು ಹೆಜ್ಜೆ ಆಚೆ ನೀರು ಮರಳನ್ನು ಸವರಿ ಹೋಗುತ್ತಿದೆ.

ಮಧ್ಯರಾತ್ರಿ ದಾಟಿದ ಮೇಲೆ ಆಕೆ ಎದ್ದು ಕೂರುತ್ತಾರೆ. “ರೀ, ಸದ್ದು ಕಮ್ಮಿ ಆಯ್ತಲ್ವಾ?”

ಹೌದು. ಉಬ್ಬರ ಏರಿದೆ, ನೀರು ಏರಿಯ ಮೇಲೆ ತುಂಬಿದೆ, ಅಲೆಗಳು ಒಡೆಯದೆ ದಾಟಿ ಬರುತ್ತಿವೆ. ಮೆಟ್ಟಿಲಿನ ಕಡೆಯಿಂದ ಹೊಸ ಸದ್ದು, ಚಳಕ್, ಚಳಕ್. ಹದಿನೈದು ಹೆಜ್ಜೆ ಇರಬಹುದು, ಹನ್ನೆರಡಿರಬಹುದು. ಇಬ್ಬರೂ ಮಾತಾಡುವುದಿಲ್ಲ. ಅಂಗೈ ಮಿಡಿಯುತ್ತಿದೆ. ಆಕೆ ಅದನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ದೂರದ ಮೊರೆತಕ್ಕಾಗಿ ಕಿವಿಗೊಟ್ಟು ಕೂರುತ್ತಾರೆ.

ಬೆಳಕು ಹರಿಯುವ ಮುನ್ನ ಅದು ಮರಳುತ್ತದೆ. ಮೊದಲು ಇದೆಯೋ ಇಲ್ಲವೋ ಎಂಬಂತೆ, ಆಮೇಲೆ ರಿಂಗ್ ರೋಡಿನ ಮೊದಲ ಲಾರಿಯಂತೆ.

“ಬಂತು,” ಎನ್ನುತ್ತಾರೆ ಆಕೆ. “ಈಗ ಮಲಗಿ ರೀ.”