ತೊಟ್ಟಿಕ್ಕುವ ಶವರ್ ವಾಲ್ವ್

ಪೂರ್ತಿ ಮುಚ್ಚಿದ ಮೇಲೂ ಶವರ್ ತೊಟ್ಟಿಕ್ಕುತ್ತಿದ್ದರೆ, ಹಳೆಯ ಮಾದರಿಯ ವಾಲ್ವ್‌ಗಳಲ್ಲಿ ದೋಷವಿರುವುದು ಬಹುತೇಕ ಒಳಗಿನ ವಾಷರಿನಲ್ಲಿ, ಅಂದರೆ ಸ್ಪಿಂಡಲ್ ಎಂಬ ತಿರುಗುದಂಡದ ತುದಿಯಲ್ಲಿದ್ದು, ನೀರಿನ ದಾರಿಯ ಅಂಚಾದ ಸೀಟಿನ ಮೇಲೆ ಒತ್ತಿ ಕೂರುವ ರಬ್ಬರ್ ಬಿಲ್ಲೆಯಲ್ಲಿ. ಬೋರ್‌ವೆಲ್ಲಿನ ಗಡಸು ನೀರು ಬರುವ ಮನೆಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಒರಟು ಬಿಳಿ ಪದರ ಆ ಸೀಟಿನ ಮೇಲೆ ಕಟ್ಟಿಕೊಂಡು ಹೊಸ ವಾಷರನ್ನೂ ಬೇಗ ಕೆಡಿಸುವುದರಿಂದ, ಸೀಟನ್ನು ವಿನೆಗರಿನಲ್ಲಿ ಉಜ್ಜದೆ ಬಿಲ್ಲೆಯನ್ನಷ್ಟೇ ಬದಲಿಸುವುದು ಅರ್ಧ ರಿಪೇರಿಯೇ ಸರಿ. ಕಾಲು ಸುತ್ತಿಗೇ ಮುಚ್ಚುವ ಇಂದಿನ ವಾಲ್ವ್‌ಗಳಲ್ಲಿ ವಾಷರಿನ ಬದಲು ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ಬಿಲ್ಲೆಗಳಿದ್ದು, ಅವು ಗೀರುಬಿದ್ದರೆ ಕಾರ್ಟ್ರಿಜ್ ಎಂಬ ಇಡೀ ಒಳಭಾಗವನ್ನೇ ಬದಲಿಸಬೇಕಾಗುತ್ತದೆ. ಗೋಡೆಯೊಳಗೆ ಹುದುಗಿಸಿದ ವಾಲ್ವ್‌ಗಳಲ್ಲೂ ಅದು ಸಾಮಾನ್ಯವಾಗಿ ಮುಂದಿನಿಂದಲೇ ಹೊರಬರುವುದರಿಂದ, ಟೈಲ್ಸ್ ಒಡೆಯಬೇಕೆಂಬ ಸಲಹೆಯನ್ನು (ಅದಕ್ಕೇನೂ ಬರವಿಲ್ಲ) ಒಪ್ಪುವ ಮುನ್ನ, ಟ್ಯಾಂಕಿನಿಂದ ಬರುವ ನೀರನ್ನು ನಿಲ್ಲಿಸಿ, ಹಿಡಿ ಕಳಚಿ, ಹಳೆಯ ಕಾರ್ಟ್ರಿಜ್ಜನ್ನೇ ಮಾದರಿಯಾಗಿ ಅಂಗಡಿಗೆ ಒಯ್ಯುವುದು ಲೇಸು; ಅಳತೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ.