ಕೈಯಿಂದ ಎರಡು ಸುತ್ತು

ಕಾರಿನ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹಳೆಯ ಡೀಸೆಲ್ ಇಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸುವುದು. ಅದರಲ್ಲೂ 2001ರಲ್ಲಿ ನಮ್ಮ ರಸ್ತೆಗಿಳಿದ ಸ್ಕೋಡಾ ಆಕ್ಟೇವಿಯಾದ 1.9 ಟಿಡಿಐ ಎಂದರೆ ಊಟ ನಿದ್ದೆ ಬೇಡ.

ಅಲ್ಲಿ ಒಂದೇ ರಬ್ಬರ್ ಬೆಲ್ಟು ಕ್ರ್ಯಾಂಕಿನಿಂದ ಹೊರಟು ಕ್ಯಾಮ್‌ಶಾಫ್ಟ್, ಡೀಸೆಲ್ ಪಂಪ್, ವಾಟರ್ ಪಂಪ್ ಮೂರನ್ನೂ ತಿರುಗಿಸುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಡೀಸೆಲ್ ಹೊತ್ತಿಕೊಳ್ಳುವುದು ಗಾಳಿಯನ್ನು ಹತ್ತೊಂಬತ್ತು ಪಟ್ಟಿಗೂ ಮೀರಿ ಅದುಮಿದಾಗ ಹುಟ್ಟುವ ಬಿಸಿಗೆ. ಹಾಗಾಗಿ ಮೇಲೇರಿದ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಉಳಿಯುವ ಜಾಗ ತೀರಾ ಕಡಿಮೆ. ಬೆಲ್ಟು ಹರಿದರೆ ಕ್ಯಾಮ್ ನಿಂತು, ತೆರೆದೇ ಉಳಿದ ವಾಲ್ವುಗಳು ಪಿಸ್ಟನ್ ಹೊಡೆತಕ್ಕೆ ಬಾಗುತ್ತವೆ. ವಾಟರ್ ಪಂಪಿನ ಬೇರಿಂಗ್ ಜಾಮ್ ಆದರೂ ಬೆಲ್ಟಿಗೆ ಅದೇ ಗತಿ. ಅದಕ್ಕೇ ಬೆಲ್ಟಿನ ಜೊತೆಗೆ ಪಂಪು, ಟೆನ್ಷನರ್, ರೋಲರುಗಳನ್ನೂ ಹಾಕಿಬಿಡುವುದು. ಬಿಚ್ಚುವ ಶ್ರಮ ಹೇಗೂ ಒಂದೇ.

ಕೂಲಂಟ್ ಇಳಿಸಿ, ಇಂಜಿನ್ನಿಗೆ ಕೆಳಗಿನಿಂದ ಜಾಕ್ ಕೊಟ್ಟು, ಬೆಲ್ಟಿನ ಕಡೆಯ ಮೌಂಟ್ ಬಿಚ್ಚಬೇಕು. ಫ್ಲೈವೀಲಿನ ಗುರುತು ಕಿಂಡಿಯಲ್ಲಿ ನೇರಕ್ಕೆ ಬಂದಾಗ ಕ್ರ್ಯಾಂಕ್ ನಿಲ್ಲಿಸಿ, ಕ್ಯಾಮ್ ತುದಿಯ ಸೀಳಿಗೆ ಉಕ್ಕಿನ ಪಟ್ಟಿ, ಡೀಸೆಲ್ ಪಂಪಿನ ತೂತಿಗೆ ಪಿನ್ನು. ಮೂರೂ ಒಂದು ಮಾತಿಗೆ ಬಂದು ನಿಂತಂತಾಯಿತು. ಕ್ಯಾಮ್ ಪುಲ್ಲಿ ಮೊನಚು ಶಾಫ್ಟಿನ ಮೇಲೆ ಕಚ್ಚಿ ಕೂತಿರುತ್ತದೆ. ಅದರ ಬೋಲ್ಟು ತುಸು ಸಡಿಲಿಸಿ, ಹಿಂದಿನ ಕವರಿನ ತೂತಿನಿಂದ ಸಲಾಕೆ ತೂರಿಸಿ ಹದವಾಗಿ ಒಂದೇಟು ಕೊಟ್ಟರೆ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಆ ಸದ್ದು ಕೇಳಲೆಂದೇ ಈ ಕೆಲಸ ಮಾಡಬಹುದು! ಇನ್ನು ಕ್ಯಾಮ್ ಕದಲದೆ ಪುಲ್ಲಿ ಮಾತ್ರ ತಿರುಗಿ, ಬೆಲ್ಟು ಬಿಗಿಯಾಗುವಾಗ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ.

ಹಳೆಯ ಬೆಲ್ಟು ಕಳಚಿದ ಮೇಲೆ ವಾಟರ್ ಪಂಪಿನ ಸರದಿ. ಅದಕ್ಕೆ ಮೂರೇ ಬೋಲ್ಟು. ಬಿಚ್ಚಿದ ಹಳೆಯದನ್ನು ಬೆರಳಿನಿಂದ ತಿರುಗಿಸಿದರೆ ಬೇರಿಂಗಿನ ಗರಗರ ಕೈಗೇ ತಿಳಿಯುತ್ತದೆ. ಕೂರುವ ಜಾಗದ ಕಿಲುಬು ಕೆರೆದು, ರಬ್ಬರ್ ರಿಂಗಿಗೆ ಕೂಲಂಟ್ ಸವರಿ ಹೊಸದನ್ನು ಒತ್ತಿದಾಗ ಅದು ಮೆತ್ತಗೆ ಒಳಗೆ ಜಾರುವ ಸುಖವೇ ಬೇರೆ.

ಬೆಲ್ಟು ಹಾಕಿ, ಟೆನ್ಷನರ್ ಗುರುತು ಕೂಡಿಸಿ, ಪುಲ್ಲಿ ಬಿಗಿ ಮಾಡಿ ಪಟ್ಟಿ, ಪಿನ್ನು ತೆಗೆದ ಮೇಲೂ ಕೀಲಿ ಮುಟ್ಟುವಂತಿಲ್ಲ. ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಬೇಕು. ಎಲ್ಲೂ ತಡೆಯದೆ, ಪಟ್ಟಿ, ಪಿನ್ನು ಎರಡೂ ಬಲವಂತವಿಲ್ಲದೆ ಮತ್ತೆ ಒಳಹೋದವೋ, ಕೆಲಸ ಗೆದ್ದಂತೆ. ಅವಸರವಿಲ್ಲದ ಕೈಗೆ ಯಂತ್ರ ಇಷ್ಟು ನೇರವಾಗಿ ಉತ್ತರ ಕೊಡುವ ಕೆಲಸ ಇನ್ನೊಂದಿಲ್ಲ.

ಹಳೆಯ ಡೀಸೆಲ್ ಕಾರು ಕೊಳ್ಳುವಾಗ ಕಿಲೋಮೀಟರ್ ಒಂದನ್ನೇ ನೋಡಬೇಡಿ. ನಿಂತ ಕಾರಿನಲ್ಲೂ ರಬ್ಬರಿಗೆ ವಯಸ್ಸಾಗುತ್ತದೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಾದರೆ ಅದನ್ನು ಬದಲಿಸಿದ ಬಿಲ್ಲು ಕೇಳಿ. ಬಿಲ್ಲು ಇಲ್ಲದಿದ್ದರೆ ನಿಮ್ಮ ಮೊದಲ ಖರ್ಚು ಬೆಲ್ಟಿಗೂ ವಾಟರ್ ಪಂಪಿಗೂ ಇರಲಿ.