ಬಾನೆಟ್ಟಿನ ಕೆಳಗಿನ ಸಂಸಾರ

ತಮ್ಮನ ಕಾರು ಊರಿಗೆ ಬಂದದ್ದು 2020ರ ಯುಗಾದಿಗೆ. ಊರೆಂದರೆ ಕಡಲ ದಂಡೆಯ ಮಂಗಳೂರಲ್ಲ, ಕೊಪ್ಪಳ ಜಿಲ್ಲೆಯ ಮಂಗಳೂರು. ಮೊದಲು ಯಲಬುರ್ಗಾ ತಾಲೂಕಿನಲ್ಲಿತ್ತು, ಈಗ ಕುಕನೂರು ತಾಲೂಕಿಗೆ ಸೇರಿದೆ. ಬೆಂಗಳೂರಿನಿಂದ ಹೆಂಡತಿ ಮಕ್ಕಳನ್ನು ಕರಕೊಂಡು, ಹೋಳಿಗೆ ಉಂಡು ಎರಡು ದಿನದಲ್ಲಿ ತಿರುಗಿ ಹೋದರಾಯಿತು ಎಂದು ಬಂದವನಿಗೆ ಹಬ್ಬದ ದಿನವೇ, ಮಾರ್ಚ್ 25ರಂದು, ಕೊರೋನಾ ಲಾಕ್‌ಡೌನಿನಿಂದ ದೇಶದ ದಾರಿಗಳೆಲ್ಲ ಮುಚ್ಚಿದವು. ಕಾರು ಹಿತ್ತಲಿನ ತಗಡಿನ ಶೆಡ್ಡು ಸೇರಿತು. ಬಿಸಿಲಿಗೆ ಬಣ್ಣ ಹೋಗಬಾರದೆಂದು ಅದರ ಮೇಲೆ ತಾಡಪತ್ರಿ ಹೊದಿಸಿದೆವು.

ಆ ಶೆಡ್ಡಿನಲ್ಲಿ ಇನ್ನೇನಿತ್ತು ಎಂಬುದನ್ನು ಹೇಳಬೇಕು, ಯಾಕೆಂದರೆ ಕಥೆಯ ಬೇರು ಅಲ್ಲಿದೆ. ಒಂದು ಗೋಡೆಗೆ ಆ ವರ್ಷದ ಕಡಲೆಯ ಚೀಲಗಳು. ಪೇಟೆಗೆ ಹೋಗದೆ ಮನೆಯಲ್ಲೇ ಉಳಿದಿದ್ದವು. ಇನ್ನೊಂದು ಗೋಡೆಗೆ ದನಕ್ಕೆಂದು ಕೂಡಿಟ್ಟ ಕಡಲೆ ಹೊಟ್ಟು. ಮೂಲೆಯಲ್ಲಿ ಬಿಳಿಜೋಳದ ಒಂದಿಷ್ಟು ಚೀಲ, ಹಳೆಯ ಕೌದಿಗಳ ಗಂಟು. ನಡುವೆ ಕಾರು.

ಮೇ ತಿಂಗಳ ಆರಂಭದಲ್ಲಿ ಕೊಪ್ಪಳವನ್ನು ಲಾಕ್‌ಡೌನ್ ಸಡಿಲವಾದ ಹಸಿರು ವಲಯಕ್ಕೆ ಸೇರಿಸಿದರು. ಆದರೂ ತಮ್ಮನ ಕಂಪನಿಯವರು ಊರಿಂದಲೇ ಕೆಲಸ ಮಾಡು ಎಂದಿದ್ದರಿಂದ ಕಾರಿಗೆ ಕೆಲಸವಿರಲಿಲ್ಲ. ಅವನು ಮಾಳಿಗೆಯ ಮೇಲೆ ನೆಟ್‌ವರ್ಕ್ ಹುಡುಕುತ್ತ ಕೂತಿರುತ್ತಿದ್ದ. ಮಕ್ಕಳು ಎತ್ತಿನ ಹಿಂದೆ ಹೊಲಕ್ಕೆ ಓಡುತ್ತಿದ್ದವು.

ಕಾರಹುಣ್ಣಿವೆ ಆ ವರ್ಷ ಜೂನ್ 5ಕ್ಕೆ ಬಿತ್ತು. ಅದರ ಆಸುಪಾಸಿನಲ್ಲೇ ಮುಂಗಾರಿನ ಎರಡು ದೊಡ್ಡ ಮಳೆ ಆದವು. ಎರಡನೆಯ ಮಳೆಯ ರಾತ್ರಿ ಕರೆಂಟ್ ಹೋಗಿತ್ತು. ಎಮ್ಮೆ ಒದರುತ್ತಿದೆಯೆಂದು ಅವ್ವ ಬರಿಗಾಲಲ್ಲಿ ಹಿತ್ತಲಿಗೆ ಹೋದಳು. ಹೋದವಳು ಕೂಗಿದ್ದಷ್ಟೇ ನಮಗೆ ಕೇಳಿತು.

"ಏನೋ ಕಡೀತೋ ಯಪ್ಪಾ!"

ಚೇಳು. ಬ್ಯಾಟರಿ ಬೆಳಕಿನಲ್ಲಿ ಕಲ್ಲಿನ ಸಂದಿಯೊಳಗೆ ಸರಿಯುತ್ತಿದ್ದ ಅದನ್ನು ಕಾಕಾ ನೋಡಿದ. ಅವ್ವನ ಮೈಯೆಲ್ಲ ಬೆವರಿ, ಕೈಕಾಲು ತಣ್ಣಗಾಗತೊಡಗಿದವು. ನಮ್ಮ ಕಡೆಯ ಕೆಂಪು ಚೇಳಿನ ವಿಷ ಹೃದಯಕ್ಕೆ ನಾಟುತ್ತದೆ. ಮಹಾರಾಷ್ಟ್ರದ ಮಹಾಡ ಎಂಬ ಸಣ್ಣ ಊರಿನ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಗುಳಿಗೆಯಿಂದ ಇದಕ್ಕೆ ಚಿಕಿತ್ಸೆ ಮಾಡಬಹುದೆಂದು ತೋರಿಸಿಕೊಟ್ಟ ಮೇಲೆ ಎಷ್ಟೋ ಜೀವ ಉಳಿದಿವೆ. ಆದರೆ ಆ ಗುಳಿಗೆ ಇರುವ ಜಾಗಕ್ಕೆ ರೋಗಿ ಬೇಗ ಮುಟ್ಟಬೇಕಲ್ಲ.

ತಮ್ಮ ತಾಡಪತ್ರಿ ಕಿತ್ತೆಸೆದು ಕೀಲಿ ತಿರುವಿದ. ಗರ್ ಗರ್ ಎಂದಿತು. ಹತ್ತಲಿಲ್ಲ. ಮತ್ತೆ ತಿರುವಿದ. ಡ್ಯಾಶ್‌ಬೋರ್ಡಿನ ಜಾಳಿಗೆಯಿಂದ ಹೊಟ್ಟು ಹಾರಿ ಮುಖಕ್ಕೆ ಬಡಿಯಿತು, ಜೊತೆಗೆ ಉಚ್ಚೆಯ ಘಾಟು. ಅಷ್ಟರಲ್ಲಿ ಕಾಕಾ ಓಣಿಗೆ ಓಡಿ ಟಂಟಂ ಗಾಡಿ ಹೊರಡಿಸಿಯೇಬಿಟ್ಟಿದ್ದ. ಅವ್ವನನ್ನು ಕೌದಿ ಹೊದಿಸಿ ಅದರಲ್ಲೇ ಮಲಗಿಸಿಕೊಂಡು ಹೋದೆವು. ಬೆಳಗಾಗುವ ಹೊತ್ತಿಗೆ ಅವಳು ಚಹಾ ಕೇಳಿದಳು. ಆ ರಾತ್ರಿ ಟಂಟಂ ಹೊಡೆದ ಹುಡುಗನ ಋಣ ನಮ್ಮ ಮನೆಯ ಮೇಲಿದೆ.

ಎರಡು ದಿನ ಬಿಟ್ಟು ಕುಕನೂರಿನಿಂದ ವೈರಿಂಗ್ ಕೆಲಸದವನನ್ನು ಕರೆಸಿದೆವು. ತಮ್ಮ ತೋರಿಸಲೆಂದು ಕೀಲಿ ಹಿಡಿದು ಹೊರಟಾಗ ಅವನು ಕೈ ಅಡ್ಡ ಹಾಕಿದ.

"ಚಾಲೂ ಮಾಡಬ್ಯಾಡ್ರಿ ಸರ. ಮೊದ್ಲ ಬ್ಯಾಟರಿ ಬಿಚ್ಚೂಣು. ಇಲಿ ಪೆಟ್ರೋಲ್ ಪೈಪ್ ಕಡದಿತ್ತಂದ್ರ, ಒಂದ್ ಕಿಡಿ ಸಾಕು, ಹೊಟ್ಟಿನ ಸಮೇತ ಶೆಡ್ ಹೋಗ್ತೈತಿ."

ಆ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಆ ರಾತ್ರಿ ನಾವು ಹೊಟ್ಟಿನ ರಾಶಿಯ ಪಕ್ಕದಲ್ಲಿ ಮತ್ತೆ ಮತ್ತೆ ಕೀಲಿ ತಿರುವಿದ್ದೆವು. ಪುಣ್ಯಕ್ಕೆ ಪೈಪಿಗೆ ಹಲ್ಲು ತಾಗಿರಲಿಲ್ಲ. ಆದರೆ ಎಂಜಿನ್ನಿನ ವೈರುಗಳ ಮೇಲಿನ ಪ್ಲಾಸ್ಟಿಕ್ಕು ಸುಲಿದು ತಾಮ್ರ ಹೊರಗೆ ಕಾಣುತ್ತಿತ್ತು. ಎರಡು ವೈರು ಪೂರ್ತಿ ತುಂಡಾಗಿದ್ದವು. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಸವೆಯದಿದ್ದರೆ ಅದಕ್ಕೆ ಬಾಯಿ ಮುಚ್ಚಲಾಗುವುದಿಲ್ಲ. ಹಸಿವಿಲ್ಲದಿದ್ದರೂ ಅದು ವೈರು ಕಡಿಯುತ್ತದೆ.

ಆಮೇಲೆ ಅವನು ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ಪು ತೆಗೆದ. ಒಳಗೆ ಗೂಡು. ಸೀಟಿನೊಳಗಿನ ಸ್ಪಂಜು, ಕಡಲೆ ಹೊಟ್ಟು, ಕೌದಿಯ ಹಸಿರು ದಾರ, ಅವ್ವನ ಹಳೆಯ ಇಳಕಲ್ಲ ಸೀರೆಯ ಸೆರಗಿನ ಕೆಂಪು ಎಳೆ, ಫಿಲ್ಟರಿನ ಕಾಗದವನ್ನೇ ಕತ್ತರಿಸಿ ಮಾಡಿದ ಮೆತ್ತೆ. ಎಷ್ಟು ಹದವಾಗಿ ಹೆಣೆದಿತ್ತೆಂದರೆ ನಾವೆಲ್ಲ ಒಂದು ಗಳಿಗೆ ಸುಮ್ಮನೆ ನೋಡುತ್ತ ನಿಂತೆವು. ನಡುವೆ ಕಣ್ಣು ಬಿಡದ, ಕೂದಲಿಲ್ಲದ, ಗುಲಾಬಿ ಮೈಯ ಮರಿಗಳು. ತಾಯಿ ಬೆಳಕು ಬಿದ್ದೊಡನೆ ವೈರುಗಳ ಸಂದಿಯಲ್ಲಿ ಇಳಿದು ಓಡಿತು.

"ಕೊಲ್ಲಬ್ಯಾಡ್ರೋ, ಬಾಣಂತಿ ಐತಿ" ಎಂದು ಅವ್ವ ಕಟ್ಟೆಯ ಮೇಲಿಂದಲೇ ಹೇಳಿದಳು.

ಕಾಕಾ ಗೂಡನ್ನು ಹಾಗೇ ಮೊರದಲ್ಲಿ ಎತ್ತಿಕೊಂಡು ಹೊಲದ ಬದುವಿನಲ್ಲಿ ಇಟ್ಟು ಬಂದ. ತಾಯಿ ಬಿಟ್ಟ ಮರಿಗಳು ಉಳಿಯುವುದು ಕಷ್ಟ, ಅದು ಅವನಿಗೂ ಗೊತ್ತಿತ್ತು. ಆದರೂ ಅವ್ವನ ಮಾತಿಗೆ ಬೆಲೆ ಕೊಟ್ಟದ್ದು ಸರಿಯೆಂದೇ ನಾನು ಈಗಲೂ ಅನ್ನುತ್ತೇನೆ. ಗಣೇಶ ಚೌತಿಯ ಮರುದಿನ ಇಲಿವಾರ ಮಾಡಿ, ನೂಲು ಬಟ್ಟೆ ಕಡಿಯಬೇಡವೆಂದು ಇಲಿಗೇ ಕೈಮುಗಿಯುವ ನಾಡು ಇದು.

ತಿರುಗಿ ಬಂದ ಕಾಕಾ ಕೈತೊಳೆದು ಕೂತು ಹೇಳಿದ: "ಇಲಿ ಕಾರ್ ನೋಡಿ ಬಂದಿಲ್ಲೋ. ಕಾಳ್ ನೋಡಿ ಬಂದೈತಿ. ಮಳಿ ಆತು, ಎರಿ ಹೊಲದ ಬಿರುಕು ಮುಚ್ಚಿದ್ವು. ಅವು ಎಲ್ಲಿಗೆ ಹೋಗಬೇಕು?"

ಓದು ಬರಹ ಹೆಚ್ಚಿಲ್ಲದ ಕಾಕಾ ಆಡಿದ ಈ ಮಾತನ್ನು ಸುಮಾರು ಇನ್ನೂರು ವರ್ಷದ ಹಿಂದೆ ಧಾರವಾಡ ಸೀಮೆಯಲ್ಲಿದ್ದ ಒಬ್ಬ ಬ್ರಿಟಿಷ್ ಅಧಿಕಾರಿಯೂ ಬರೆದಿಟ್ಟಿದ್ದಾನೆಂದು ನನಗೆ ಆಮೇಲೆ ತಿಳಿಯಿತು. ವಾಲ್ಟರ್ ಎಲಿಯಟ್ ಆತನ ಹೆಸರು; 1824ರ ಕಿತ್ತೂರು ಕಾಳಗದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ್ದವನು. ಈ ಭಾಗದ ಪ್ರಾಣಿಗಳ ಬಗ್ಗೆ 1839ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಅವನು ಎರೆಹೊಲದ ಇಲಿಗಳ ಬಾಳುವೆಯನ್ನು ವಿವರಿಸುತ್ತಾನೆ. ಬೇಸಿಗೆಯಲ್ಲಿ ಕರಿಮಣ್ಣು ಬಿರಿದ ಬಿರುಕುಗಳೇ ಅವಕ್ಕೆ ಮನೆ. ಮಳೆ ಬಿದ್ದು ಬಿರುಕು ಕೂಡಿಕೊಂಡಾಗ ಲೆಕ್ಕವಿಲ್ಲದಷ್ಟು ಸಾಯುತ್ತವೆ. 1826ರಲ್ಲಿ ಮುಂಗಾರು ಸರಿಯಾಗಿ ಬರಲಿಲ್ಲ, ಇಲಿಗಳು ಉಳಿದುಕೊಂಡವು, ಬೆಳೆದವು. ಬಿತ್ತಿದ ಬೀಜ ತಿಂದವು, ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು, ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಕೂಲಿ ಗೊತ್ತುಮಾಡಿ ಸಾವಿರ ಸಾವಿರ ಕೊಲ್ಲಿಸಿದರೂ ಅವು ಕಡಿಮೆಯಾದಂತೆ ಕಾಣಲಿಲ್ಲವಂತೆ.

ಹಾಗಾದರೆ ನಮ್ಮ ಹಿರಿಯರು ಕಾಳನ್ನು ಹೇಗೆ ಉಳಿಸಿಕೊಂಡರು? ಹಗೇವಿನಿಂದ. ನೆಲದೊಳಗೆ ಆಳವಾಗಿ ತೋಡಿ, ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡುತ್ತ ಗಾಳಿಯ ಆಮ್ಲಜನಕವನ್ನೆಲ್ಲ ತೀರಿಸಿಬಿಡುತ್ತದೆ. ಅಲ್ಲಿ ಹುಳುವೂ ಬದುಕದು, ಇಲಿಯೂ ಬದುಕದು. ತೆಗೆಯುವಾಗ ಮನುಷ್ಯನಿಗೂ ಅಪಾಯವೇ. ಬಾಯಿ ತೆರೆದು ಗಾಳಿಗೆ ಬಿಟ್ಟು, ದೀಪ ಇಳಿಸಿ ಆರುವುದಿಲ್ಲವೆಂದು ನೋಡಿಕೊಂಡೇ ಇಳಿಯಬೇಕು. ನಮ್ಮ ಮನೆಯ ಹಗೇವಿನ ಬಾಯಿ ನಾನು ಹುಡುಗನಿದ್ದಾಗಲೇ ಮುಚ್ಚಿಹೋಗಿತ್ತು. ಅದರ ಮೇಲೆಯೇ ಈ ತಗಡಿನ ಶೆಡ್ಡು ಎದ್ದದ್ದು. ಕಾಳು ನೆಲದೊಳಗಿಂದ ಮೇಲೆದ್ದು ಪ್ಲಾಸ್ಟಿಕ್ ಚೀಲಕ್ಕೆ ಬಂತು. ಅದರ ಹಿಂದೆಯೇ ಇಲಿ ಬಂತು. ಅದೇ ಸೂರಿನ ಕೆಳಗೆ, ಕತ್ತಲೆ ಮಾಡಿ, ತಾಡಪತ್ರಿ ಹೊದಿಸಿ ಕಾರು ನಿಲ್ಲಿಸಿದೆವು. ಸಣ್ಣ ಸಂದಿಯಲ್ಲೂ ತೂರುವ ಪ್ರಾಣಿಗೆ ಅಂಥ ಜಾಗ ಬೇರೆಲ್ಲಿ ಸಿಕ್ಕೀತು?

ರಿಪೇರಿಯ ಮಾತು ಬೇಗ ಮುಗಿಸುತ್ತೇನೆ. ವೈರಿಂಗ್ ಕೆಲಸದವನು ಒಂದೊಂದೇ ವೈರಿಗೆ ಬೆಸುಗೆ ಹಾಕಿ, ಮೇಲೆ ರಬ್ಬರಿನ ನಳಿಗೆ ತೊಡಿಸಿದ. ಏರ್ ಫಿಲ್ಟರು ಹೊಸದು ತಂದೆವು. ಬ್ಲೋವರ್ ಬಿಚ್ಚಿ ತೊಳೆದೆವು. ಆಮೇಲೆ ಕಾರು ಹತ್ತಿತು.

ತೊಳೆಯುವ ವಿಷಯ ಮಾತ್ರ ನಿಧಾನವಾಗಿ ಹೇಳಬೇಕು. ನನ್ನ ನಾದಿನಿ ಕಸಬರಿಗೆ ಹಿಡಿದು ಬಂದಾಗ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಅಕ್ಕ ಬೇಡವೆಂದು ತಡೆದಳು. ಒಣ ಹಿಕ್ಕೆ, ಉಚ್ಚೆ ಗುಡಿಸಿದರೆ ಧೂಳಾಗಿ ಮೂಗಿಗೆ ಹೋಗುತ್ತದೆ. ಬಾಗಿಲೆಲ್ಲ ತೆರೆದು ಗಾಳಿಯಾಡಲು ಬಿಟ್ಟು, ಕೈಗೆ ಗವಸು, ಮುಖಕ್ಕೆ ಮಾಸ್ಕು ಹಾಕಿ, ಬ್ಲೀಚಿಂಗ್ ನೀರು ಸಿಂಪಡಿಸಿ ತುಸು ಹೊತ್ತು ನೆನೆಸಿ, ಆಮೇಲೆ ಒದ್ದೆ ಅರಿವೆಯಿಂದ ಒರೆಸಬೇಕು. ಆ ಅರಿವೆಯನ್ನು ಸುಡಬೇಕು ಇಲ್ಲವೇ ಹೂಳಬೇಕು. ಇಲಿಜ್ವರದ ರೋಗಾಣು ಇಲಿಯ ಉಚ್ಚೆಯಲ್ಲಿರುತ್ತದೆ. ಒದ್ದೆ ಜಾಗದಲ್ಲಿ ಬದುಕಿಕೊಂಡಿದ್ದು ಗಾಯದಿಂದ, ಕಣ್ಣಿನಿಂದ, ಬಾಯಿಯಿಂದ ಮೈ ಸೇರುತ್ತದೆ. ಹಿಮ್ಮಡಿ ಒಡೆದ ನಮ್ಮಂಥ ಒಕ್ಕಲು ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಮತ್ತೆ ಬಾರದಂತೆ ಏನು ಮಾಡಬೇಕೆಂಬುದಕ್ಕೆ ಊರೆಲ್ಲ ಸಲಹೆ ಕೊಟ್ಟಿತು. ಹೊಗೆಸೊಪ್ಪಿನ ಕಟ್ಟು ಬಾನೆಟ್ಟಿನಲ್ಲಿ ಇಡು ಎಂದರು ಕೆಲವರು. ನುಸಿಗುಳಿಗೆ ಎಂದರು ಇನ್ನು ಕೆಲವರು. ಎರಡೂ ಇಟ್ಟು ನೋಡಿದೆವು. ವಾಸನೆ ಇರುವ ತನಕ ಅಷ್ಟೇ ಅದರ ಗುಣ. ಜಪಾನಿನ ಹೋಂಡಾ ಕಂಪನಿ ಮೆಣಸಿನಕಾಯಿಯ ಖಾರ ಬೆರೆಸಿದ ಟೇಪನ್ನು ವೈರಿಗೆ ಸುತ್ತಲೆಂದೇ ಮಾಡಿದೆ. ಅಂದರೆ ಇದು ನಮ್ಮ ಕೊಪ್ಪಳದ ಕಷ್ಟ ಮಾತ್ರ ಅಲ್ಲ.

ಒಬ್ಬರು ವಿಷದ ಪುಡಿ ತಂದುಕೊಟ್ಟರು. ಕಪ್ಪನೆಯ ಜಿಂಕ್ ಫಾಸ್ಫೈಡ್. ಅದು ಹೊಟ್ಟೆ ಸೇರಿದೊಡನೆ ವಿಷಾನಿಲವಾಗುತ್ತದೆ. ಕಾಕಾ ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಕಾಳಿನ ಚೀಲದ ಪಕ್ಕ ವಿಷದ ಹಿಟ್ಟು, ಅಲ್ಲೇ ಆಡುವ ಮಕ್ಕಳು. ತಿಂದ ಇಲಿ ಸಾಯುವುದು ಸೀಟಿನ ಒಳಗೋ ಡ್ಯಾಶ್‌ಬೋರ್ಡಿನ ಹಿಂದೋ, ಯಾರ ಕೈಯೂ ಹೋಗದ ಜಾಗದಲ್ಲಿ. ಹೊರಗೆ ಸತ್ತರೆ ಬೆಕ್ಕು, ಗೂಗೆ ತಿನ್ನುತ್ತವೆ. ಇಲಿ ಹಿಡಿಯುವ ಜೀವಗಳನ್ನೇ ಕೊಂದು ಇಲಿ ಕಡಿಮೆ ಮಾಡುವುದು ಹೇಗೆ? ಕಾಕಾನದು ನೂರಕ್ಕೆ ನೂರು ಸರಿ.

ಕೊನೆಗೆ ಕೈಹಿಡಿದದ್ದು ತಂತಿಯ ಬೋನು, ಅದರೊಳಗೆ ಮಿರ್ಚಿ ಭಜಿಯ ತುಣುಕು. ಆ ಎಣ್ಣೆ ವಾಸನೆಗೆ ಇಲಿ ಸೋಲುತ್ತದೆ. ಆದರೆ ನಿಜವಾಗಿ ಕೆಲಸ ಮಾಡಿದ್ದು ಕಾಕಾ ಶೆಡ್ಡನ್ನು ಬರಿದು ಮಾಡಿದ್ದು. ಹೊಟ್ಟು ಎಮ್ಮೆಯ ಕಡೆಗೆ ಹೋಯಿತು. ಜೋಳ ತಗಡಿನ ಡ್ರಮ್ಮಿಗೆ ಬಿತ್ತು. ಕಡಲೆ ಮಾರಿದೆವು. ಕಾರಿನ ತಾಡಪತ್ರಿ ತೆಗೆದು, ಬಯಲಿಗೆ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದೆವು. ವಾರಕ್ಕೆ ಎರಡು ಸಲ ತಮ್ಮ ಬಾನೆಟ್ ಎತ್ತಿ ನೋಡಿ, ಕುಕನೂರಿನ ತನಕ ಓಡಿಸಿಕೊಂಡು ಬರುತ್ತಿದ್ದ. ಆಮೇಲೆ ಒಂದು ಹಿಕ್ಕೆಯೂ ಕಾಣಲಿಲ್ಲ.

ಊರ ಮನೆಯಲ್ಲಿ ಗಾಡಿ ಬಿಟ್ಟು ದುಡಿಯಲು ಹೋದವರು ನಮ್ಮ ಕಡೆ ಬಹಳ ಜನ. ಅವರಿಗೆ ನನ್ನದೊಂದು ಕೋರಿಕೆ. ಕಾರಹುಣ್ಣಿವೆಯ ಮೊದಲ ಮಳೆ ಬೀಳುವ ಮುಂಚೆ ಮನೆಗೆ ಫೋನ್ ಮಾಡಿ, ಗಾಡಿಯ ಪಕ್ಕ ಕಾಳು, ಹೊಟ್ಟು ಇದ್ದರೆ ಬೇರೆ ಕಡೆ ಸರಿಸಲು ಹೇಳಿ. ಬಾನೆಟ್ ಎತ್ತಿ, ಏರ್ ಫಿಲ್ಟರಿನ ಡಬ್ಬಿ ತೆರೆದು ನೋಡಿಸಿ. ಬಹುಕಾಲ ನಿಂತ ಗಾಡಿಯ ಕೀಲಿಯನ್ನು, ಒಳಗೆ ನೋಡದೆ, ಯಾರೂ ತಿರುವಬೇಡಿ.